ಸಭೆಯೊಳಗೇ ಇರುವ ಕಿರಿಕಿರಿಯ ಜನ: ಸಹಿಸಿಕೊಳ್ಳಬೇಕೋ, ಮತ್ತಾಯ 18 ಹಿಡಿಯಬೇಕೋ?

ಸಾಸಿವೆಕಾಳು (ಪ್ರಶ್ನೆ):
ಎಲ್ಲರಿಗೂ ಕರ್ತನಲ್ಲಿ ವಂದನೆ. ಪ್ರತಿ ಮೀಟಿಂಗಿನಲ್ಲೂ ದನಿ ಏರಿಸುವವರು, ಯಾರು ಏನು ಮಾಡಿದರೂ ಕೊಂಕು ತೆಗೆಯುವವರು, ಕ್ಷಮೆ ಕೇಳಿ ವಾರದೊಳಗೆ ಮತ್ತೆ ಅದನ್ನೇ ಮಾಡುವವರು ಎಲ್ಲ ಸಭೆಗಳಲ್ಲೂ (ಚರ್ಚುಗಳಲ್ಲೂ) ಇರುತ್ತಾರೆ. ಇವರ ವಿಷಯ ಬಂದಾಗ ಸಿಗುವ ಸಲಹೆ ಎರಡೇ: "ಇನ್ನೊಂದು ಕೆನ್ನೆ ಕೊಟ್ಟು ಸುಮ್ಮನಿರಿ", ಇಲ್ಲವೇ "ಮತ್ತಾಯ 18ರಂತೆ ನಡೆಯಿರಿ", ಅಂದರೆ ಮೊದಲು ಒಬ್ಬರೇ ಹೋಗಿ ತಪ್ಪು ತಿಳಿಸಿ, ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳೊಂದಿಗೆ, ಆಮೇಲೆ ಸಭೆಯ ಮುಂದೆ. ಎರಡೂ ಯೇಸುವಿನ ಮಾತೇ. ಯಾವುದನ್ನು ಯಾವಾಗ ಹಿಡಿಯಬೇಕು? ಕ್ಷಮಿಸಿದ ಮೇಲೆ ಮೊದಲಿನ ಹಾಗೇ ನಂಬಲೇಬೇಕೇ? "ಪ್ರಾರ್ಥನೆ ಮಾಡಿ" ಅಂದು ಮುಗಿಸದೆ ಸ್ವಲ್ಪ ಬಿಡಿಸಿ ಹೇಳಿ.

ಅತ್ತಿಮರ:
ಮೊದಲು ಇದು ಪಾಪವೋ ಸ್ವಭಾವವೋ ಅಂತ ವಿಂಗಡಿಸಿ. ಮತ್ತಾಯ 18:15 ಶುರುವಾಗುವುದೇ ಸಹೋದರ ತಪ್ಪು ಮಾಡಿದರೆ ಎಂಬಲ್ಲಿಂದ. ಹೇಳಿದ್ದನ್ನೇ ನಾಲ್ಕು ಸಲ ಹೇಳುವುದು, ಹಾಡಿನ ಆಯ್ಕೆಯಲ್ಲಿ ಹಟ ಹಿಡಿಯುವುದು, ತಡವಾಗಿ ಬರುವುದು ಬೇಜಾರು ತರುತ್ತವೆ ನಿಜ. ಇಷ್ಟಕ್ಕೆಲ್ಲ ಸಾಕ್ಷಿಗಳನ್ನು ಕರೆದುಕೊಂಡು ಹೊರಟರೆ ಸಭೆಯ ಹೊಸ ಕಿರಿಕಿರಿ ನೀವೇ. ಅಲ್ಲಿಗೆ ಕೊಲೊಸ್ಸೆ 3:13ರ ಸೈರಣೆ ಸಾಕು. ಸುಳ್ಳು ಹಬ್ಬಿಸಿದ್ದು, ಹಣದಲ್ಲಿ ಮೋಸ, ನಾಲ್ಕು ಜನರ ಮುಂದೆ ಒಬ್ಬರನ್ನು ಹೀಯಾಳಿಸಿದ್ದು, ಇಂಥವಕ್ಕೆ ಮತ್ತಾಯ 18.

1 ಥೆಸಲೋನಿಕ 5:14 ಇನ್ನೂ ಸೂಕ್ಷ್ಮವಾಗಿ ಬಿಡಿಸುತ್ತದೆ. ಅಂಕೆ ಮೀರಿದವರಿಗೆ ಬುದ್ಧಿಮಾತು, ಮನಗುಂದಿದವರಿಗೆ ಧೈರ್ಯ, ಬಲಹೀನರಿಗೆ ಆಸರೆ, ಎಲ್ಲರ ಮೇಲೂ ತಾಳ್ಮೆ. ಮನಗುಂದಿದವರೂ ಹೊರಗಿನಿಂದ ಸಿಡುಕರಂತೆಯೇ ಕಾಣುತ್ತಾರೆ. ಅವರಿಗೆ ಬುದ್ಧಿಮಾತಿನ ಮದ್ದು ಕೊಟ್ಟರೆ ಆ ಮನುಷ್ಯ ಮುಂದಿನ ಭಾನುವಾರದಿಂದ ಸಭೆಗೇ ಬರುವುದಿಲ್ಲ.

ಇನ್ನು ಮೊದಲ ಹೆಜ್ಜೆ: ಒಬ್ಬರೇ ಹೋಗಿ ಮಾತಾಡುವುದು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಆ ಮನುಷ್ಯನ ಹತ್ತಿರ ಹೋಗುವ ಮೊದಲೇ ವಿಷಯ ಐದು ಜನರ ಕಿವಿಗೆ ಬಿದ್ದಿರುತ್ತದೆ, ಅದೂ "ಪ್ರಾರ್ಥನಾ ವಿಷಯ" ಎಂಬ ಹೆಸರಿನಲ್ಲಿ. ಹೆಸರು ಹೇಳಿ ಹಂಚಿದ ಪ್ರಾರ್ಥನಾ ವಿಷಯ ಚಾಡಿಯೇ. ಅದು ಹೇಗೂ ಅವರನ್ನು ಮುಟ್ಟುತ್ತದೆ, ಆಮೇಲೆ ನೀವು ಎಷ್ಟು ಮೆತ್ತಗೆ ಮಾತಾಡಿದರೂ ನಂಬುವುದಿಲ್ಲ.

ಹೋದಾಗ ಒಂದೇ ಘಟನೆ ಎತ್ತಿ. "ನೀವು ಯಾವಾಗಲೂ ಹೀಗೇ" ಅಂದರೆ ಅವರು ಹಾಗಲ್ಲದ ಒಂದು ದಿನವನ್ನು ಹುಡುಕಿ ತೋರಿಸುತ್ತಾರೆ, ಮಾತು ಅಲ್ಲಿಗೇ ಮುಗಿಯಿತು. ಬದಲಿಗೆ, "ಕಳೆದ ಮೀಟಿಂಗಿನಲ್ಲಿ ಲೆಕ್ಕ ಓದುವಾಗ ನೀವು 'ಇವರಿಗೆ ಕೂಡೋದೂ ಬರಲ್ಲ' ಅಂದಿರಿ. ನನಗೆ ಅವಮಾನ ಆಯ್ತು. ನೀವು ಯಾವ ಅರ್ಥದಲ್ಲಿ ಅಂದಿರಿ?" ಇಷ್ಟು ಹೇಳಿ ಬಾಯಿ ಮುಚ್ಚಿಕೊಳ್ಳಿ. ಆ ಮೌನವನ್ನು ನೀವೇ ತುಂಬಲು ಹೋಗಬೇಡಿ. ಆರಾಧನೆಗೆ ಹತ್ತು ನಿಮಿಷ ಮುಂಚೆ ಬೇಡ, ಜಗಳದ ಬಿಸಿಯಲ್ಲೂ ಬೇಡ. ಹಾಗಂತ ಮೂರು ತಿಂಗಳು ಮನಸ್ಸಿನಲ್ಲಿ ಕೊಳೆಯಿಸಿ ಹೋಗುವುದೂ ತಪ್ಪು. ಯಾಜಕಕಾಂಡ 19:17 ಹೃದಯದೊಳಗೆ ಹಗೆ ಇಟ್ಟುಕೊಳ್ಳದೆ ಎದುರಿಗೇ ತಪ್ಪನ್ನು ಹೇಳು ಅನ್ನುತ್ತದೆ. ನೆರೆಯವನನ್ನು ಪ್ರೀತಿಸು ಎಂಬ ಆಜ್ಞೆ ಬರುವುದು ಅದರ ಮರುವಚನದಲ್ಲೇ.

ಒಪ್ಪದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು. ಇದು ಧರ್ಮೋಪದೇಶಕಾಂಡ 19:15ರ ಸಾಕ್ಷಿ ನಿಯಮ, ನಿಮ್ಮ ಪಕ್ಷದ ಬಲಪ್ರದರ್ಶನ ಅಲ್ಲ. ಅವರೂ ಗೌರವಿಸುವ ಜನರನ್ನೇ ಆರಿಸಿ. ತಪ್ಪು ನಿಮ್ಮದು ಅಂತ ಆ ಸಾಕ್ಷಿಗಳಿಗೆ ಕಂಡರೆ ಅದನ್ನು ಹೇಳುವ ಸ್ವಾತಂತ್ರ್ಯವೂ ಅವರಿಗಿರಲಿ. ಸಭೆಯ ಮುಂದೆ ತರುವುದು ಅದಾದ ಮೇಲೆ.

ದಾರಿದೀಪ:
ಅತ್ತಿಮರ ಬ್ರದರ್ ಹೇಳಿದ್ದು ಸರಿ. ಕೆನ್ನೆಯ ವಿಷಯ ಮತ್ತು ನಂಬಿಕೆಯ ವಿಷಯ ಉಳಿದಿದೆ.

ಮತ್ತಾಯ 5:39 "ಬಲಗೆನ್ನೆ" ಎಂದು ಗುರುತಿಟ್ಟು ಹೇಳುತ್ತದೆ. ಎದುರಿಗೆ ನಿಂತವನ ಬಲಗೆನ್ನೆಗೆ ಬಲಗೈಯಿಂದ ಹೊಡೆಯಬೇಕಾದರೆ ಹಿಂಗೈಯಿಂದಲೇ ಹೊಡೆಯಬೇಕು. ಅದು ಗಾಯಕ್ಕಿಂತ ಹೆಚ್ಚಾಗಿ ಅವಮಾನ. ಕ್ರಿ.ಶ. 200ರ ಸುಮಾರಿಗೆ ಸಂಕಲನವಾದ ಯೆಹೂದ್ಯರ ನಿಯಮಗಳ ಸಂಗ್ರಹವಾದ ಮಿಷ್ನಾದಲ್ಲಿ ಕೆನ್ನೆಗೆ ಹೊಡೆದರೆ 200 ಜೂಜ್ (ಬೆಳ್ಳಿ ನಾಣ್ಯ) ದಂಡ, ಹಿಂಗೈಯಿಂದ ಹೊಡೆದರೆ 400. ಹಾಗಾಗಿ ಅವಮಾನಕ್ಕೆ ಅವಮಾನ ತಿರುಗಿಸಬೇಡ ಎಂಬುದು ಅಲ್ಲಿನ ಮಾತು. ಬಾಯಿ ಬಿಡಬೇಡ ಎಂದಲ್ಲ. ಯೋಹಾನ 18:23ರಲ್ಲಿ ಏಟು ತಿಂದ ಯೇಸುವೇ "ನನ್ನನ್ನು ಯಾಕೆ ಹೊಡೆದೆ" ಎಂದು ಕೇಳಿದರು. ತಿರುಗಿ ಹೊಡೆಯಲಿಲ್ಲ, ಅಷ್ಟೇ.

ಕ್ಷಮೆ ಬೇರೆ, ನಂಬಿಕೆ ಬೇರೆ. 1 ಸಮುವೇಲ 26 ಓದಿ. ತನ್ನ ಜೀವ ತೆಗೆಯಲು ಬೆನ್ನಟ್ಟಿ ಬಂದು ಮಲಗಿದ್ದ ರಾಜ ಸೌಲನನ್ನು ಕೊಲ್ಲಲು ದಾವೀದ ಬಿಡಲಿಲ್ಲ, ಅವನ ಬರ್ಜಿ ಮತ್ತು ನೀರಿನ ತಂಬಿಗೆಯನ್ನಷ್ಟೇ ಎತ್ತಿಕೊಂಡು ಹೋದ. ಸೌಲ ತಪ್ಪೊಪ್ಪಿಕೊಂಡು "ಮಗನೇ, ಹಿಂದಿರುಗಿ ಬಾ" ಎಂದು ಕರೆದ. ದಾವೀದ ಹೋದನೇ? ಬರ್ಜಿಯನ್ನು ಹಿಂತಿರುಗಿಸಲೂ ತಾನಾಗಿ ಹೋಗಲಿಲ್ಲ, ಆಳೊಬ್ಬನನ್ನು ಕಳಿಸು ಅಂದ. ಸೌಲ ತನ್ನ ಊರಿಗೆ, ದಾವೀದ ತನ್ನ ದಾರಿಗೆ. ಕೈಯಲ್ಲಿ ಸೇಡಿಲ್ಲ, ಆದರೆ ನಡುವೆ ಅಂತರ ಇದೆ. ರೋಮ 12:18 ಕೂಡ ಸಮಾಧಾನದಿಂದಿರಲು ಎರಡು ಷರತ್ತು ಇಡುತ್ತದೆ: ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ. ಇನ್ನೊಬ್ಬರ ಪಾಲನ್ನು ನೀವು ಹೊರಲಾಗದು.

ನಂಬಿಕೆಯನ್ನು ಚಿಕ್ಕ ಚಿಕ್ಕ ಜವಾಬ್ದಾರಿಯಿಂದ ಮತ್ತೆ ಕಟ್ಟಬೇಕು. ಗುಟ್ಟು ಬಯಲು ಮಾಡಿದವರಿಗೆ ಮತ್ತೆ ಗುಟ್ಟು ಹೇಳಬೇಕಿಲ್ಲ. ಕುರ್ಚಿ ಜೋಡಿಸುವ ಕೆಲಸದಲ್ಲಿ ಜೊತೆಗೆ ಸೇರಿಸಿಕೊಳ್ಳಬಹುದು. ಜೊತೆಗೆ ಸೇವೆ ಮಾಡುತ್ತಿದ್ದ ಪೌಲ ಮತ್ತು ಬಾರ್ನಬ, ಹಿಂದೆ ಪ್ರಯಾಣದ ನಡುವೆ ತಮ್ಮನ್ನು ಬಿಟ್ಟುಹೋಗಿದ್ದ ಮಾರ್ಕನ ವಿಷಯದಲ್ಲಿ ಜಗಳವಾಡಿ ಬೇರೆ ಬೇರೆ ದಾರಿ ಹಿಡಿದರು (ಅಪೊಸ್ತಲರ ಕೃತ್ಯಗಳು 15:39). ಆಮೇಲೆ ಅದೇ ಮಾರ್ಕ ತನ್ನ ಸೇವೆಗೆ ಉಪಯುಕ್ತನೆಂದು ಪೌಲ 2 ತಿಮೊಥೆ 4:11ರಲ್ಲಿ ಬರೆಸಿದ. ನಡುವೆ ವರ್ಷಗಳೇ ಹಿಡಿದವು.

ಉಪ್ಪುಬೆಳಕು:
ಒಂದು ಎಚ್ಚರಿಕೆ ಸೇರಿಸಲೇಬೇಕು. ಹೊಡೆತ, ಲೈಂಗಿಕ ಕಿರುಕುಳ, ಮಕ್ಕಳಿಗೆ ತೊಂದರೆ ಇದ್ದಲ್ಲಿ "ಒಬ್ಬರೇ ಹೋಗಿ ಮಾತಾಡಿ" ಎಂದು ಯಾರಿಗೂ ಹೇಳಬೇಡಿ. ಮೊದಲು ಅವರನ್ನು ಸುರಕ್ಷಿತ ಜಾಗಕ್ಕೆ ಸೇರಿಸಿ, ಆಮೇಲೆ ಪೊಲೀಸ್. ಅಧಿಕಾರಿಗಳನ್ನು ದೇವರು ಇಟ್ಟಿರುವುದೇ ಅದಕ್ಕೆ ಎಂದು ರೋಮ 13 ಹೇಳುತ್ತದೆ. ಪೌಲನೂ ವಿಚಾರಣೆಯಿಲ್ಲದೆ ಹೊಡೆಸಿಕೊಂಡಾಗ ರೋಮನ್ ಪೌರತ್ವ ಎತ್ತಿ ಅಧಿಕಾರಿಗಳನ್ನೇ ಕರೆಸಿದ. "ಸಭೆಯ ಮಾನ ಹೋಗುತ್ತೆ" ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಕಿರಿಕಿರಿ ಸಭಾಪಾಲಕರದೇ ಆಗಿದ್ದರೆ 1 ತಿಮೊಥೆ 5:19-20 ನೋಡಿ. ಇಬ್ಬರು ಮೂವರ ಸಾಕ್ಷಿ ಬೇಕು, ಪಾಪ ಮುಂದುವರಿದರೆ ಎಲ್ಲರ ಮುಂದೆಯೇ ಗದರಿಕೆ.

ಸಾಸಿವೆಕಾಳು:
ತುಂಬಾ ಉಪಕಾರವಾಯಿತು. ಮಾತಾಡಲು ಕರೆಯುವುದನ್ನು ವಾಟ್ಸ್ಯಾಪ್‌ನಲ್ಲಿ ಮಾಡಬಹುದೇ?

ಅತ್ತಿಮರ:
ಕರೆಯಲು ಮಾತ್ರ. ಗ್ರೂಪಿನಲ್ಲಿ ಅಲ್ಲ, ನೇರವಾಗಿ ಅವರಿಗೆ. "ನಿಮ್ಮ ಹತ್ತಿರ ಸ್ವಲ್ಪ ಮಾತಾಡಬೇಕು" ಅಂತ ಬರೆದು ಬಿಟ್ಟರೆ ಅವರು ಎರಡು ದಿನ ಅದನ್ನೇ ಮೆಲುಕು ಹಾಕಿ ವಾದ ಕಟ್ಟಿಕೊಂಡು ಬರುತ್ತಾರೆ. "ಮೊನ್ನೆಯ ಲೆಕ್ಕದ ಮಾತಿನ ಬಗ್ಗೆ ಅರ್ಧ ಗಂಟೆ, ನಾವಿಬ್ಬರೇ. ನಿಮಗೆ ಯಾವತ್ತು ಅನುಕೂಲ?" ಸಾಕು. ಅವರು ಉತ್ತರದಲ್ಲೇ ಜಗಳ ಶುರು ಮಾಡಿದರೆ "ಎದುರಿಗೆ ಸಿಕ್ಕಾಗ ಕೇಳ್ತೀನಿ" ಅಂತಷ್ಟೇ ಬರೆದು ನಿಲ್ಲಿಸಿ.