‘ಶಿವಲ್ರಿ’ಗೆ ‘ಕ್ಷಾತ್ರಧರ್ಮ’ ಸಲ್ಲುವುದೇ? ‘ರಾವುತ’ ಪದದ ಬಳಕೆಯ ಬಗ್ಗೆಯೂ ಒಂದು ಕೇಳಿಕೆ

ಬಲ್ಲ ಗೆಳೆಯರಿಗೆಲ್ಲ ನಮಸ್ಕಾರ.

ಮಧ್ಯಯುಗದ ಫ್ರೆಂಚ್, ಇಂಗ್ಲಿಷ್ ವೀರಕಥೆಗಳನ್ನು ಕನ್ನಡದ ಓದುಗರಿಗೆ ಪರಿಚಯಿಸುವ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ‘ಶಿವಲ್ರಿ’ (ಕುದುರೆಯೇರಿ ಕಾದುವ ವೀರರ ನಡತೆಯ ಕಟ್ಟುಪಾಡು) ಎಂಬ ಮಾತು ಬಂದಲ್ಲಿ ‘ಕ್ಷಾತ್ರಧರ್ಮ’ ಎಂದೋ ‘ವೀರಧರ್ಮ’ ಎಂದೋ ‘ಶೌರ್ಯ’ ಎಂದೋ ಬರೆದು ಮುಂದೆ ಹೋಗುವುದು ಸುಲಭ. ಆದರೆ ಹಾಗೆ ಬರೆದರೆ ಆ ಕಥೆಗಳ ಒಳಜಗಳವೇ ಓದುಗರಿಗೆ ಕಾಣದೆ ಹೋಗುತ್ತದೆ. ಅಲ್ಲಿ ಕಲಿತನ ಬೇರೆ, ಶಿವಲ್ರಿ ಬೇರೆ. ಒಂದು ಇನ್ನೊಂದರ ಕೈ ಹಿಡಿದು ಜಗ್ಗುವ ಸಂದರ್ಭಗಳಲ್ಲಿಯೇ ಕವಿಗಳು ತಮ್ಮ ಒಳ್ಳೆಯ ಸಾಲುಗಳನ್ನು ಬರೆದಿದ್ದಾರೆ.

ಮೊದಲು ಪದದ ಬುಡ. ಫ್ರೆಂಚಿನಲ್ಲಿ ‘ಶೆವಾಲ್’ ಎಂದರೆ ಕುದುರೆ, ‘ಶೆವಲಿಯೆ’ ಎಂದರೆ ಕುದುರೆಯೇರಿ ಕಾದುವವನು. ‘ಶೆವಲರಿ’ ಎಂಬುದು ಹಳೆಯ ಬಳಕೆಯಲ್ಲಿ ಅಂಥವರ ದಂಡು, ಅವರು ಮೆರೆದ ಕಾಳಗದ ಕೆಲಸ. ಗುಣ, ನಡತೆ, ಕಟ್ಟುಪಾಡು ಎಂಬ ಅರ್ಥಗಳು ಅದಕ್ಕೆ ಬರಬರುತ್ತ ಕೂಡಿಕೊಂಡವು. ಜರ್ಮನ್ನರ ‘ರಿಟರ್’ ಕೂಡ ಸವಾರನೇ. ಇಂಗ್ಲಿಷಿನ ‘ನೈಟ್’ ಬಂದ ದಾರಿ ಬೇರೆ: ಹಳೆಯ ಇಂಗ್ಲಿಷಿನಲ್ಲಿ ಅದು ಹುಡುಗ, ಆಮೇಲೆ ಒಡೆಯನ ಆಳು. ನಮ್ಮ ‘ಆಳು’, ‘ಬಂಟ’ ಎಂಬ ಪದಗಳಲ್ಲಿಯೂ ಸೇವಕ ಮತ್ತು ಕಾದಾಳು ಎಂಬ ಎರಡು ಅರ್ಥಗಳಿವೆಯಲ್ಲ, ಹಾಗೆಯೇ. ಅಂತೂ ಇವುಗಳ ಬೇರಿನಲ್ಲಿ ಇರುವುದು ಕಸುಬು, ಕುಲವಲ್ಲ. 1147ರ ಆಸುಪಾಸಿನಲ್ಲಿ ಹುಟ್ಟಿದ ವಿಲಿಯಂ ಮಾರ್ಷಲ್ ಆಸ್ತಿಯ ಪಾಲು ಸಿಗದ ಕಿರಿಯ ಮಗ. ಪಂದ್ಯದ ಕಣಗಳಲ್ಲಿ ಗೆದ್ದು ಗೆದ್ದು ಹೆಸರು ಮಾಡಿ, ಕೊನೆಗೆ ಬಾಲಕ ದೊರೆ ಮೂರನೆಯ ಹೆನ್ರಿಯ ಪರವಾಗಿ ಇಂಗ್ಲೆಂಡನ್ನೇ ನಡೆಸಿದ. ಹದಿಮೂರನೆಯ ಶತಮಾನದಲ್ಲಿ ಇದಕ್ಕೂ ಹುಟ್ಟಿನ ಬೇಲಿ ಬಿತ್ತು ಎಂಬುದು ನಿಜ. ಆದರೂ ವರ್ಣದ ವಾಸನೆಯಿರುವ ‘ಕ್ಷಾತ್ರ’ವನ್ನು ಇಲ್ಲಿಗೆ ತಂದರೆ ಇತಿಹಾಸವನ್ನು ತಲೆಕೆಳಗು ಮಾಡಿದಂತೆ.

ಈಗ ಕಾವ್ಯಗಳಿಗೆ ಬರುತ್ತೇನೆ. ಸುಮಾರು 1100ರ ‘ರೋಲಾಂಡನ ಹಾಡು’. 778ರಲ್ಲಿ ಪಿರನೀಸ್ ಬೆಟ್ಟಸಾಲಿನಲ್ಲಿ ಫ್ರಾಂಕರ ದೊರೆ ಶಾರ್ಲಮೇನ್‌ನ ಹಿಂದಂಡಿನ ಮೇಲೆ ಬಾಸ್ಕ್ ಜನ ಎರಗಿದ ಘಟನೆ ಹಾಡಿನಲ್ಲಿ ಮುಸ್ಲಿಮರೊಡನೆ ನಡೆದ ಮಹಾಯುದ್ಧವಾಗಿ ಬೆಳೆದಿದೆ. ಕೊಂಬು ಊದಿ ದೊರೆಯ ದಂಡನ್ನು ಕರೆ ಎಂದು ಗೆಳೆಯ ಆಲಿವರ್ ಮತ್ತೆ ಮತ್ತೆ ಬೇಡುತ್ತಾನೆ; ಹೆಸರು ಕೆಡುತ್ತದೆ ಎಂದು ಹಿಂದಂಡಿನ ನಾಯಕ ರೋಲಾಂಡ್ ಒಪ್ಪುವುದಿಲ್ಲ. ದಂಡೆಲ್ಲ ನೆಲಕ್ಕೊರಗಿದ ಮೇಲೆ ರೋಲಾಂಡ್ ಕೊಂಬಿಗೆ ಕೈ ಹಾಕಿದಾಗ, ಈಗ ಊದುವುದೇ ನಾಚಿಕೆಗೇಡು ಎಂದು ಆಲಿವರ್ ಸಿಡಿಯುತ್ತಾನೆ. ಬುದ್ಧಿ ಬೆರೆತ ಶೌರ್ಯ ಹುಚ್ಚುತನವಲ್ಲ, ದುಡುಕಿಗಿಂತ ಮಿತಿ ಮೇಲು ಎಂಬುದು ಅವನ ಮಾತಿನ ಸಾರ. ಅಲ್ಲಿ ಅವನು ಶೌರ್ಯಕ್ಕೆ ಬಳಸುವ ಪದ ‘ವಸಲಾಜ್’. ಒಡೆಯನಿಗೆ ನಡೆದುಕೊಳ್ಳುವ ‘ವಸಾಲ್’ ಎಂಬ ಪದದಿಂದ ಹುಟ್ಟಿದ್ದು. ಅಂದರೆ ಆ ಕವಿಗೆ ಕಲಿತನವೂ ಸ್ವಾಮಿನಿಷ್ಠೆಯೂ ಒಂದೇ ಹುರಿಯಲ್ಲಿ ಹೆಣೆದ ಎಳೆಗಳು. ಉಂಡ ಅನ್ನದ ಋಣಕ್ಕೆ ಕಾದುವ ನಮ್ಮ ಹಳೆಯ ‘ಜೋಳವಾಳಿ’ ಇದಕ್ಕೆ ಬಹಳ ಹತ್ತಿರ ನಿಲ್ಲುತ್ತದೆ.

ಇದೇ ಕಾವ್ಯದ ಹೆಸರಾಂತ ಸಾಲೊಂದಿದೆ. ಅದನ್ನು ‘ರೋಲಾಂಡ್ ಕಲಿ, ಆಲಿವರ್ ಜಾಣ; ಇಬ್ಬರ ಕಲಿತನವೂ ಬೆರಗಿನದು’ ಎಂದು ಕನ್ನಡಿಸಬಹುದು. ಮೂಲದಲ್ಲಿ ರೋಲಾಂಡನಿಗೆ ಹೇಳಿದ್ದು ‘ಪ್ರೋಜ್’ (ಕೆಚ್ಚಿನವನು), ಇಬ್ಬರಿಗೂ ಹೇಳಿದ್ದು ‘ವಸಲಾಜ್’. ನನ್ನ ಸಾಲಿನಲ್ಲಿ ಎರಡೂ ‘ಕಲಿ’ಯಲ್ಲಿ ಕರಗಿ, ಕವಿ ಕಾಪಾಡಿಕೊಂಡ ಭೇದ ಅಳಿಸಿಹೋಗುತ್ತಿದೆ.

ಮುಂದೆ ಸುಮಾರು 1170ರಿಂದ 1190ರವರೆಗೆ ಬರೆದ ಫ್ರೆಂಚ್ ಕವಿ ಕ್ರೆತಿಯಾಂ ದ ತ್ರುವಾ. ಅವನ ಪರ್ಸಿವಲ್ ಕಾಡಿನಲ್ಲಿ ಬೆಳೆದ ಹುಡುಗ. ಗಂಡನನ್ನೂ ದೊಡ್ಡ ಮಕ್ಕಳನ್ನೂ ಈ ಕಸುಬಿನ ದೆಸೆಯಿಂದಲೇ ಕಳೆದುಕೊಂಡ ತಾಯಿ, ಕಿರಿಯವನ ಕಿವಿಗೆ ಅದರ ಹೆಸರೂ ಬೀಳದಂತೆ ಸಾಕಿದ್ದಾಳೆ. ಒಂದು ದಿನ ಕಾಡಿನಲ್ಲಿ ಸವಾರರ ಸದ್ದು ಕೇಳಿ ಪಿಶಾಚಿಗಳು ಎಂದುಕೊಳ್ಳುತ್ತಾನೆ. ಬಿಸಿಲಿಗೆ ಹೊಳೆಯುವ ಕವಚ ಕಂಡು ದೇವದೂತರು ಎಂದುಕೊಳ್ಳುತ್ತಾನೆ. ನೀನು ದೇವರೇ ಎಂದು ಕೇಳಿಯೂ ಬಿಡುತ್ತಾನೆ. ಇವನಿಗೆ ಎದೆಗಾರಿಕೆ ಮೊದಲಿನಿಂದಲೂ ಇದೆ: ಕೆಂಪು ಕವಚದವನನ್ನು ಒಂದೇ ಎಸೆತಕ್ಕೆ ಕಣ್ಣಿಗೆ ಈಟಿ ನೆಟ್ಟು ಕೊಲ್ಲುತ್ತಾನೆ. ಆದರೆ ಸತ್ತವನ ಮೈಮೇಲಿನ ಕವಚ ಬಿಚ್ಚುವುದು ಹೇಗೆಂದು ತಿಳಿಯದು. ಆ ಮೇಲೆ ಗೊರ್ನೆಮಾಂ ಎಂಬ ಹಿರಿಯ ಅವನಿಗೆ ವಿದ್ಯೆ ಕಲಿಸಿ, ಕತ್ತಿ ಕಟ್ಟಿ, ದೇವರು ಮಾಡಿದ ಅತ್ಯುನ್ನತ ‘ಆರ್ಡರ್’ (ಕಟ್ಟುಪಾಡಿನ ಪಂಗಡ) ಇದು, ಇದರಲ್ಲಿ ಹೀನತನ ಇರಕೂಡದು ಎನ್ನುತ್ತಾನೆ. ಸೋತು ಶರಣೆಂದವನನ್ನು ಕೊಲ್ಲಬೇಡ, ದಿಕ್ಕಿಲ್ಲದ ಹೆಣ್ಣಿಗೆ ನೆರವಾಗು, ಹೆಚ್ಚು ಮಾತಾಡಬೇಡ. ಈ ಕೊನೆಯ ಪಾಠವನ್ನು ಅಕ್ಷರಶಃ ಪಾಲಿಸಿದ್ದರಿಂದಲೇ, ಗ್ರೇಲ್ ಎಂಬ ಪವಿತ್ರ ಪಾತ್ರೆ ಕಣ್ಣೆದುರು ಹಾದುಹೋದಾಗ ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಸುಮ್ಮನಿದ್ದು ಕೆಡುತ್ತಾನೆ! ಎದೆಗಾರಿಕೆ ಹುಟ್ಟಿನಿಂದ ಬಂತು, ಶಿವಲ್ರಿ ಕಲಿತು ಬಂತು. ಕಲಿತದ್ದೂ ಸಾಲದೆ ಹೋಯಿತು. ‘ಶೌರ್ಯ’ ಎಂಬ ಒಂದೇ ಮಾತಿನಿಂದ ಇದನ್ನು ಹೇಗೆ ಹೇಳುವುದು?

ಇದಕ್ಕಿಂತ ತೀಕ್ಷ್ಣವಾದದ್ದು ಅದೇ ಕವಿಯ ಲಾನ್ಸ್‌ಲಾಟ್‌ನ ಪ್ರಸಂಗ. ಪಂದ್ಯದ ಕಣದಲ್ಲಿ ಅವನ ನಲ್ಲೆ, ಆರ್ಥರ್ ದೊರೆಯ ರಾಣಿ ಗ್ವಿನಿವೀರ್ ಅವನಿಗೆ ಗುಟ್ಟಾಗಿ ಹೇಳಿಕಳಿಸುತ್ತಾಳೆ: ಆದಷ್ಟು ಕೆಟ್ಟದಾಗಿ ಕಾದು. ಅವನು ಹೆದರಿದವನಂತೆ ನಡೆದುಕೊಂಡು, ನೆರೆದವರಿಂದ ಹೇಡಿ ಎನ್ನಿಸಿಕೊಳ್ಳುತ್ತಾನೆ. ನಲ್ಲೆಯ ಮಾತಿಗೆ ಕಟ್ಟುಬಿದ್ದು ಕಲಿತನದ ಹೆಸರನ್ನೇ ಒತ್ತೆಯಿಟ್ಟ ಈ ನಡೆಯನ್ನು ‘ವೀರಧರ್ಮ’ ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಆದರೆ ಕವಿಯ ಲೆಕ್ಕದಲ್ಲಿ ಅದು ಕೊರತೆಯಲ್ಲ, ಹಿರಿಮೆ.

ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕವಿ ಚಾಸರ್ ತನ್ನ ನೈಟ್‌ನ ಗುಣಗಳನ್ನು ಎಣಿಸುವಾಗ ಶಿವಲ್ರಿಯ ಜೊತೆಗೆ ನನ್ನಿ, ಮಾನ, ಧಾರಾಳತನ, ಸೌಜನ್ಯ ಎಂದು ಬೇರೆ ಬೇರೆಯಾಗಿ ಹೇಳಿ, ನಡೆನುಡಿಯಲ್ಲಿ ಕನ್ನೆಯಷ್ಟು ಮೆದು ಎನ್ನುತ್ತಾನೆ. ಓದಿದಾಗ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ನೆನಪಾಗದೆ ಇರದು: ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’. ಮೆದುತನ, ಕೆಚ್ಚು ಒಬ್ಬನಲ್ಲೇ ಇರಬಲ್ಲವು ಎಂಬ ಎಣಿಕೆ ನಮಗೆ ಹೊಸದಲ್ಲ. ಎರಡನ್ನೂ ಒಟ್ಟಿಗೆ ಹೊರುವ ನಾಮಪದ ಮಾತ್ರ ಬೇಕಾಗಿದೆ.

ನನ್ನ ಒಲವು ‘ರಾವುತ’ದ ಕಡೆಗೆ. ಕುದುರೆ ಸವಾರ ಎಂಬ ಅರ್ಥ ನಮ್ಮ ಕಾವ್ಯಗಳಲ್ಲಿ ಗಟ್ಟಿಯಾಗಿ ನಿಂತಿದೆ. ಅದರ ಮೂಲ ಸಂಸ್ಕೃತದ ‘ರಾಜಪುತ್ರ’. ಅಲ್ಲಿ ಕುಲದ ಹೆಸರು ಇಳಿದು ಕಸುಬಿನ ಹೆಸರಾಯಿತು, ಫ್ರೆಂಚಿನಲ್ಲಿ ಕಸುಬಿನ ಹೆಸರು ಏರಿ ಕುಲದ ಹೆಸರಾಯಿತು. ಎರಡು ಪದಗಳೂ ನಡುದಾರಿಯಲ್ಲಿ ಭೇಟಿಯಾಗುತ್ತವೆ. ಹಾಗಾಗಿ ಹಳೆಯ ಪಠ್ಯಗಳಲ್ಲಿ ‘ರಾವುತಪಡೆ’, ‘ಕಲಿತನ’. ಕ್ರೆತಿಯಾಂನಿಂದ ಈಚೆಗೆ ‘ರಾವುತಧರ್ಮ’. ಕತ್ತಿ ಕಟ್ಟುವ ವಿಧಿಗೆ ‘ರಾವುತದೀಕ್ಷೆ’ ಎಂದು ಯೋಚಿಸಿದ್ದೇನೆ. ಕತಲಾನ್ ಬರಹಗಾರ ರಮೋನ್ ಲುಲ್ 1270ರ ದಶಕದಲ್ಲಿ ಬರೆದ ಶಿವಲ್ರಿಯ ಕೈಪಿಡಿಯಲ್ಲಿ ಈ ವಿಧಿಗೆ ಮುನ್ನ ಉಪವಾಸ, ಪಾಪನಿವೇದನೆ, ಇರುಳಿಡೀ ಪ್ರಾರ್ಥನೆ ಇರಬೇಕೆಂದಿದೆ. ‘ಪಟ್ಟ’ಕ್ಕಿಂತ ‘ದೀಕ್ಷೆ’ ಒಪ್ಪುವುದು ಅದಕ್ಕೇ. ‘ಸರದಾರ’ ಎಂದರೆ ಪಡೆಯ ಮುಖಂಡ ಎಂಬ ಅರ್ಥ ಮುಂದೆ ಬರುವುದರಿಂದ ಬಿಟ್ಟಿದ್ದೇನೆ.

ಇನ್ನು ಕೇಳಿಕೆ. ನಿಮ್ಮ ಸೀಮೆಯ ಆಡುಮಾತಿನಲ್ಲಿ, ಗಾದೆಯಲ್ಲಿ, ಲಾವಣಿಯಲ್ಲಿ ‘ರಾವುತ’ ಇನ್ನೂ ಉಳಿದಿದೆಯೇ? ಉಳಿದಿದ್ದರೆ ಮೆಚ್ಚುಗೆಯ ದನಿಯಲ್ಲೋ, ಬರಿಯ ಸವಾರ ಎಂಬ ಅರ್ಥದಲ್ಲೋ? ರೋಲಾಂಡನ ಆ ಸಾಲಿನಲ್ಲಿ ‘ಪ್ರೋಜ್’ಗೆ ‘ಕಟ್ಟಾಳು’ ಇಟ್ಟು, ‘ವಸಲಾಜ್’ಗೆ ಹಳಗನ್ನಡದ ‘ಆಳ್ತನ’ವನ್ನು ತಂದರೆ ಇಂದಿನ ಓದುಗರು ಎಡವದೆ ಓದಿಕೊಳ್ಳುವರೇ?