ಕೀಮೊ ಮಗುವಿಗೆ ಆಂಟಿಬಯಾಟಿಕ್ ಆದ ಮೇಲೆ ಭೇದಿ: ಪಿಸಿಆರ್ ಪಾಸಿಟಿವ್ ಬಂದರೆ ಚಿಕಿತ್ಸೆ ಕೊಡಲೇಬೇಕೇ?

ಡೇಕೇರ್ ಸಿಸ್ಟರ್

ಎಲ್ಲರಿಗೂ ನಮಸ್ಕಾರ. ಜಿಲ್ಲಾ ಆಸ್ಪತ್ರೆಯ ಡೇ ಕೇರ್ ಕೀಮೊ ಘಟಕದಿಂದ ಕೇಳುತ್ತಿದ್ದೇನೆ. ಎ.ಎಲ್.ಎಲ್. (ಒಂದು ಬಗೆಯ ರಕ್ತದ ಕ್ಯಾನ್ಸರ್) ಇರುವ ಮಗು, 4 ವರ್ಷ, 14 ಕೆ.ಜಿ. ಬೆಂಗಳೂರಿನಲ್ಲಿ ಇಂಡಕ್ಷನ್ (ಕೀಮೊದ ಮೊದಲ ಹಂತ) ಮುಗಿದಿದೆ. ಬಿಳಿ ರಕ್ತಕಣ ಇಳಿದು ಜ್ವರ ಬಂದಾಗ 8 ದಿನ ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್ ಆಂಟಿಬಯಾಟಿಕ್, ಅದರ ಜೊತೆಗೇ ಮೆಟ್ರೋನಿಡಜೋಲ್ ಡ್ರಿಪ್ ಆಗಿದೆ. ನಿನ್ನೆಯಿಂದ ದಿನಕ್ಕೆ 5-6 ಸಲ ನೀರಾಗಿ ಭೇದಿ. ಜ್ವರ ಇಲ್ಲ, ಎ.ಎನ್.ಸಿ. (ಸೋಂಕು ತಡೆಯುವ ಬಿಳಿ ರಕ್ತಕಣ ನ್ಯೂಟ್ರೊಫಿಲ್‌ಗಳ ಎಣಿಕೆ) 900. ಹೊರಗಿನ ಲ್ಯಾಬಿನಿಂದ ಸಿ. ಡಿಫಿಸೀಲ್ (ಆಂಟಿಬಯಾಟಿಕ್ ಆದ ಮೇಲೆ ಕರುಳಿನಲ್ಲಿ ಬೆಳೆದು, ವಿಷಾಂಶದಿಂದ ಭೇದಿ ತರುವ ಬ್ಯಾಕ್ಟೀರಿಯಾ) ಪಿಸಿಆರ್ ಪಾಸಿಟಿವ್ ಅಂತ ವರದಿ ಬಂದಿದೆ. ಚಿಕಿತ್ಸೆ ಶುರು ಮಾಡಬೇಕೇ? ವಾರ್ಡಿನಲ್ಲಿ ಏನು ಎಚ್ಚರ ವಹಿಸಬೇಕು? ತಾಯಿ ಭೇದಿ ನಿಲ್ಲುವ ಮಾತ್ರೆ ಕೊಡಿ ಅನ್ನುತ್ತಿದ್ದಾರೆ.

ಮಕ್ಕಳ ಆಂಕಾಲಜಿ

ಸಿಸ್ಟರ್, ಮೊದಲು ಮಾತ್ರೆಯ ವಿಷಯ. ಲೋಪೆರಮೈಡ್ ಬೇಡವೇ ಬೇಡ. ವಿಷಾಂಶ ಕರುಳಿನೊಳಗೇ ನಿಲ್ಲುತ್ತದೆ, ಕರುಳು ಉಬ್ಬಿ ಅಪಾಯವಾಗಬಹುದು. ಮೆಡಿಕಲ್ ಶಾಪಿನಲ್ಲಿ ಭೇದಿಗೆಂದು ಕೊಡುವ ಆಫ್ಲಾಕ್ಸಾಸಿನ್-ಆರ್ನಿಡಜೋಲ್ ಸಿರಪ್ಪನ್ನೂ ತಾಯಿ ತರದಂತೆ ಹೇಳಿ. ಆಂಟಿಬಯಾಟಿಕ್‌ನಿಂದ ಬಂದ ಭೇದಿಗೆ ಇನ್ನೊಂದು ಆಂಟಿಬಯಾಟಿಕ್ ಸುರಿದಂತಾಗುತ್ತದೆ.

ಆಮೇಲೆ ಚೀಟಿ ತೆಗೆದು ನೋಡಿ. ವಿನ್‌ಕ್ರಿಸ್ಟಿನ್ ಎಂಬ ಕೀಮೊ ಔಷಧಿ ಕೊಟ್ಟಾಗ ಮಲಬದ್ಧತೆ ಆಗುತ್ತದೆಂದು ಲ್ಯಾಕ್ಟುಲೋಸ್ ಬರೆದಿರುತ್ತಾರೆ, ಅದು ಇನ್ನೂ ನಡೆಯುತ್ತಿದೆಯೇ? ಹಾಗಿದ್ದರೆ ಈ ಭೇದಿಗೆ ಅದೇ ಕಾರಣವಿರಬಹುದು. ನಿಲ್ಲಿಸಿ 48 ಗಂಟೆ ಕಾಯದೆ ಸಿ. ಡಿಫಿಸೀಲ್ ಪರೀಕ್ಷೆಗೆ ಅರ್ಥವಿಲ್ಲ. ಸ್ಟೀರಾಯ್ಡ್ ಇದ್ದಾಗ ಶುರುವಾದ ಪ್ಯಾಂಟೊಪ್ರಜೋಲ್ ಸ್ಟೀರಾಯ್ಡ್ ನಿಂತ ಮೇಲೂ ಚೀಟಿಯಲ್ಲಿ ಉಳಿದಿರುತ್ತದೆ. ಆಮ್ಲ ತಗ್ಗಿಸುವ ಔಷಧಿಗೂ ಈ ಸೋಂಕಿಗೂ ನಂಟಿದೆ, ಅಗತ್ಯವಿಲ್ಲದಿದ್ದರೆ ತೆಗೆಸಿ. ಕೋಟ್ರೈಮಾಕ್ಸಜೋಲ್ ಮಾತ್ರ ಯಾರೂ ತಾವಾಗಿ ನಿಲ್ಲಿಸಬಾರದು, ನ್ಯುಮೋಸಿಸ್ಟಿಸ್ ನ್ಯುಮೋನಿಯಾದಿಂದ ಮಗುವನ್ನು ಕಾಯುವುದೇ ಅದು.

ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್ ಜೊತೆ ಮೆಟ್ರೋನಿಡಜೋಲ್ ಯಾಕೆ ಸೇರಿಸಿದರೋ ತಿಳಿಯದು. ಆಮ್ಲಜನಕವಿಲ್ಲದೆ ಬೆಳೆಯುವ ಕರುಳಿನ ಬ್ಯಾಕ್ಟೀರಿಯಾಗಳಿಗೆ ಮೊದಲನೆಯದೊಂದೇ ಸಾಕು. ಮೆರೋಪೆನೆಮ್‌ಗೂ ಇದೇ ಮಾತು. ಇಂಥದ್ದೂ ಮೆಟ್ರೋನಿಡಜೋಲೂ ಎರಡೂ ಸೇರಿ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಗುಡಿಸಿ ಹಾಕುತ್ತವೆ. ಪಿತ್ತಾಮ್ಲಗಳನ್ನು ಸಿ. ಡಿಫಿಸೀಲ್ ಬೆಳೆಯದಂಥ ರೂಪಕ್ಕೆ ಬದಲಿಸುವುದು ಆ ಬ್ಯಾಕ್ಟೀರಿಯಾಗಳೇ. ಅವು ಹೋದರೆ ಸಿ. ಡಿಫಿಸೀಲ್‌ನ ಸ್ಪೋರುಗಳಿಗೆ (ಗಟ್ಟಿ ಕವಚದ ಬೀಜದಂಥ ರೂಪ) ತಡೆ ಇಲ್ಲ. ಮೊದಲ ಒಂದು ತಿಂಗಳು ಅಪಾಯ ಹೆಚ್ಚು, ಮೂರು ತಿಂಗಳವರೆಗೂ ಪೂರ್ತಿ ಹೋಗುವುದಿಲ್ಲ.

ಹಾಗೆಂದು ಎ.ಎನ್.ಸಿ. 500ಕ್ಕಿಂತ ಕಡಿಮೆ ಇರುವ ಮಗುವಿಗೆ ಜ್ವರ ಬಂದಾಗ ಆಂಟಿಬಯಾಟಿಕ್‌ಗೆ ಹಿಂಜರಿಯಬೇಡಿ. ಒಂದು ಗಂಟೆಯೊಳಗೆ ಮೊದಲ ಡೋಸ್ ಹೋಗಲೇಬೇಕು. ತಪ್ಪಾಗುವುದು ನಿಲ್ಲಿಸುವ ಕಡೆ. 48 ಗಂಟೆಯ ರಕ್ತದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ನೆಗೆಟಿವ್, 24 ಗಂಟೆಯಿಂದ ಜ್ವರ ಇಲ್ಲ, ಎ.ಎನ್.ಸಿ. ಏರುತ್ತಿದೆ ಎಂದಾದರೆ ನಿಲ್ಲಿಸಬಹುದು. ಸೋಂಕಿನ ಜಾಗ ಗೊತ್ತಿಲ್ಲದೆ, ಕಲ್ಚರೂ ನೆಗೆಟಿವ್ ಇದ್ದು, ಕೋರ್ಸ್ ಮುಗಿಸೋಣ ಎಂದು ಎಳೆದ ದಿನಗಳಿಂದ ಮಗುವಿಗೆ ಲಾಭವಿಲ್ಲ, ಕರುಳಿಗೆ ಪೆಟ್ಟು ಮಾತ್ರ.

ಲ್ಯಾಬ್ ಮೈಕ್ರೊ

ಪಿಸಿಆರ್ ಬಗ್ಗೆ ನಾನು ಹೇಳುತ್ತೇನೆ. ಅದು ತೋರಿಸುವುದು ವಿಷಾಂಶ ತಯಾರಿಸುವ ಜೀನ್ ಇದೆ ಎಂಬುದನ್ನು, ವಿಷಾಂಶ ತಯಾರಾಗುತ್ತಿದೆ ಎಂಬುದನ್ನಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಎಷ್ಟೋ ಮಕ್ಕಳ ಕರುಳಿನಲ್ಲಿ ಈ ಬ್ಯಾಕ್ಟೀರಿಯಾ ತೊಂದರೆ ಕೊಡದೆ ಇರುತ್ತದೆ. ಒಂದು ವರ್ಷದೊಳಗಿನ ಕೂಸಿನಲ್ಲಂತೂ ಇದು ತೀರಾ ಸಾಮಾನ್ಯ, ಹಾಗಾಗಿ ಆ ವಯಸ್ಸಿಗೆ ಈ ಪರೀಕ್ಷೆಯನ್ನೇ ಮಾಡಿಸುವುದಿಲ್ಲ. 1ರಿಂದ 2 ವರ್ಷದವರಲ್ಲಿ ಬೇರೆ ಕಾರಣಗಳೆಲ್ಲ ತಳ್ಳಿಹೋದ ಮೇಲಷ್ಟೇ.

ಅದೇ ಮಲದಲ್ಲಿ ಜಿ.ಡಿ.ಎಚ್. ಆಂಟಿಜೆನ್ (ಈ ಬ್ಯಾಕ್ಟೀರಿಯಾದ ಒಂದು ಪ್ರೋಟೀನ್) ಮತ್ತು ಟಾಕ್ಸಿನ್ ಎ/ಬಿ (ವಿಷಾಂಶವೇ) ಕೇಳಿ. ಎರಡೂ ನೆಗೆಟಿವ್ ಆದರೆ ಬೇರೆ ಕಾರಣ ಹುಡುಕಿ. ಎರಡೂ ಪಾಸಿಟಿವ್, 24 ಗಂಟೆಯಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಭೇದಿ ಎಂದಾದರೆ ಅದು ಕಾಯಿಲೆಯೇ. ಜಿ.ಡಿ.ಎಚ್. ಪಾಸಿಟಿವ್, ಟಾಕ್ಸಿನ್ ನೆಗೆಟಿವ್ ಇದ್ದಾಗ ಪಿಸಿಆರ್ ಉಪಯೋಗಕ್ಕೆ ಬರುತ್ತದೆ. ಆಗಲೂ ತೀರ್ಮಾನ ಮಗುವನ್ನು ನೋಡಿದವರದ್ದು.

ಟಾಕ್ಸಿನ್ ಸುಳ್ಳು ನೆಗೆಟಿವ್ ಬರುವುದಕ್ಕೆ ಹೆಚ್ಚಾಗಿ ಕಾರಣ ಮಾದರಿಯನ್ನು ಸಾಗಿಸುವಾಗಿನ ತಡ. ಕೋಣೆಯ ಬಿಸಿಗೆ ಟಾಕ್ಸಿನ್ ಎರಡು ಗಂಟೆಯಲ್ಲೇ ಹಾಳಾಗಬಹುದು. ಕೂಡಲೇ ಲ್ಯಾಬಿಗೆ ಕೊಡಿ, ಇಲ್ಲವೇ 2-8 ಡಿಗ್ರಿಯ ಫ್ರಿಜ್‌ನಲ್ಲಿಟ್ಟು ಐಸ್ ಪ್ಯಾಕ್ ಜೊತೆ ಕಳಿಸಿ. ಡೈಪರ್ ಹಾಕಿದ್ದರೆ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಇಲ್ಲದಿದ್ದರೆ ನೀರೆಲ್ಲ ಡೈಪರ್ ಹೀರಿಕೊಳ್ಳುತ್ತದೆ. ಗಟ್ಟಿ ಮಲ ಕಳಿಸಬೇಡಿ. ಜೊತೆಗೆ ಭೇದಿ ತರುವ ಪರಾವಲಂಬಿ ಜಿಯಾರ್ಡಿಯಾ ನೋಡಲು ಬರೆಯಿರಿ. ಇನ್ನೊಂದು ಪರಾವಲಂಬಿ ಕ್ರಿಪ್ಟೊಸ್ಪೊರಿಡಿಯಂಗೆ ಮಾಡಿಫೈಡ್ ಆಸಿಡ್-ಫಾಸ್ಟ್ ಬಣ್ಣ ಬೇಕೆಂದು ಬೇರೆಯಾಗಿಯೇ ಬರೆಯಬೇಕು, ಸಾಮಾನ್ಯ ಮಲ ಪರೀಕ್ಷೆಯಲ್ಲಿ ಅದು ತಪ್ಪಿಹೋಗುತ್ತದೆ. ಭೇದಿ ನಿಂತ ಮೇಲೆ ವಾಸಿಯಾಯಿತೇ ಎಂದು ಮತ್ತೆ ಪರೀಕ್ಷೆ ಬೇಡ, ವಾರಗಟ್ಟಲೆ ಪಾಸಿಟಿವ್ ಬರುತ್ತಲೇ ಇರುತ್ತದೆ.

ಆಸ್ಪತ್ರೆ ಫಾರ್ಮಸಿ

ಚಿಕಿತ್ಸೆ ಎಂದು ಡಾಕ್ಟರ್ ತೀರ್ಮಾನಿಸಿದರೆ: ಮೆಟ್ರೋನಿಡಜೋಲ್ ನಡೆಯುವಾಗಲೇ ಭೇದಿ ಬಂದಿದ್ದರೆ ಮತ್ತೆ ಅದನ್ನೇ ಹಿಡಿಯುವುದಕ್ಕಿಂತ ಬಾಯಿಯ ವ್ಯಾಂಕೊಮೈಸಿನ್ ಒಳ್ಳೆಯದು. ವಿನ್‌ಕ್ರಿಸ್ಟಿನ್ ಪಡೆಯುವ ಮಗುವಿನ ನರಗಳಿಗೆ ಮೆಟ್ರೋನಿಡಜೋಲ್ ಇನ್ನೊಂದು ಹೊರೆ. ತೀವ್ರವಲ್ಲದ ಕಾಯಿಲೆಗೆ ವ್ಯಾಂಕೊಮೈಸಿನ್ ಡೋಸ್ ಕೆ.ಜಿ.ಗೆ 10 ಮಿ.ಗ್ರಾಂ., ದಿನಕ್ಕೆ 4 ಸಲ, 10 ದಿನ. ಒಂದು ಡೋಸ್ 125 ಮಿ.ಗ್ರಾಂ. ದಾಟಬಾರದು. 14 ಕೆ.ಜಿ.ಗೆ ಲೆಕ್ಕ 140 ಬರುತ್ತದೆ, ಕೊಡಬೇಕಾದ್ದು 125.

ಸಿರಪ್ ಸಿಗದ ಕಡೆ ಇಂಜೆಕ್ಷನ್ ವಯಲನ್ನೇ ಕರಗಿಸಿ ಕುಡಿಸುತ್ತಾರೆ. 500 ಮಿ.ಗ್ರಾಂ. ವಯಲಿಗೆ 10 ಮಿ.ಲೀ. ಸ್ಟೆರೈಲ್ ವಾಟರ್ ಹಾಕಿದರೆ ಒಂದು ಮಿ.ಲೀ.ಗೆ 50 ಮಿ.ಗ್ರಾಂ., ಈ ಮಗುವಿಗೆ 2.5 ಮಿ.ಲೀ. ಕಹಿ ಇರುವುದರಿಂದ ಕುಡಿಸುವ ಹೊತ್ತಿಗೆ ಸಕ್ಕರೆ ಪಾಕ ಬೆರೆಸಿ. ಸೂಜಿ ಸೇರದ ಓರಲ್ ಸಿರಿಂಜನ್ನೇ ಬಳಸಿ, ಮೇಲೆ 'ಬಾಯಿಗೆ ಮಾತ್ರ' ಎಂದು ದೊಡ್ಡದಾಗಿ ಬರೆದು ಅಂಟಿಸಿ. ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ) ಇರುವ ಮಗುವಿನ ಪಕ್ಕ ಬರಿಯ ಸಿರಿಂಜ್ ಇಟ್ಟರೆ ಅದು ಲೈನಿಗೆ ಹೋಗುವ ಸಂಭವ ಇದ್ದೇ ಇದೆ. ಶಿರೆಗೆ ಕೊಟ್ಟ ವ್ಯಾಂಕೊಮೈಸಿನ್ ಕರುಳಿನ ಸೋಂಕಿಗೆ ತಲುಪುವುದೂ ಇಲ್ಲ.

ಡೇಕೇರ್ ಸಿಸ್ಟರ್

ತುಂಬಾ ಧನ್ಯವಾದ ಸರ್, ಮೇಡಂ. ಲ್ಯಾಕ್ಟುಲೋಸ್ ಚೀಟಿಯಲ್ಲಿ ಇಲ್ಲ. ಟಾಕ್ಸಿನ್‌ಗೆ ಮಾದರಿ ಐಸ್‌ನಲ್ಲಿ ಕಳಿಸಿದ್ದೇವೆ. ಶುಚಿ ಬಗ್ಗೆ ಯಾರಾದರೂ ಹೇಳಿ. ಪ್ರೊಬಯಾಟಿಕ್ ಕೊಡಬಹುದೇ?

ಸೋಂಕು ನಿಯಂತ್ರಣ

ಸಿಸ್ಟರ್, ಸ್ಯಾನಿಟೈಜರ್‌ಗೆ ಸ್ಪೋರ್ ಸಾಯುವುದಿಲ್ಲ. ಗ್ಲೌಸ್ ಹಾಕಿ, ತೆಗೆದ ಮೇಲೆ ಸೋಪು, ಹರಿಯುವ ನೀರಿನಲ್ಲಿ ಕೈ ತೊಳೆಯಬೇಕು. ಮಗುವಿಗೆ ಬೇರೆ ಶೌಚಾಲಯ, ಇಲ್ಲದಿದ್ದರೆ ಬೇರೆ ಬೆಡ್‌ಪ್ಯಾನ್ ಕೊಡಿ. ಒರೆಸುವ ದ್ರಾವಣಕ್ಕೆ 5% ಹೈಪೊಕ್ಲೋರೈಟ್ (ಬ್ಲೀಚ್) ಒಂದು ಪಾಲಿಗೆ ನೀರು 9 ಪಾಲು. ಬ್ಲೀಚಿಂಗ್ ಪೌಡರ್ ಆದರೆ ಲೀಟರಿಗೆ 15 ಗ್ರಾಂ., ಹೊಸ ಪ್ಯಾಕೆಟ್ಟೇ ಆಗಬೇಕು, ತೆರೆದಿಟ್ಟದ್ದರ ಕ್ಲೋರಿನ್ ಹಾರಿಹೋಗಿರುತ್ತದೆ. ಮೊದಲು ಕೊಳೆ ಒರೆಸಿ, ಆಮೇಲೆ ದ್ರಾವಣ ಬಳಿದು 10 ನಿಮಿಷ ಒದ್ದೆಯಾಗಿಡಿ. ಮಂಚದ ಅಂಚು, ನಲ್ಲಿ, ಫ್ಲಶ್ ಹಿಡಿ, ಮೊಬೈಲ್ ಇಡುವ ಲಾಕರ್ ಮೇಲ್ಭಾಗ ಬಿಟ್ಟುಹೋಗುವ ಜಾಗಗಳು. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬೆರೆಸಬೇಡಿ, ಕ್ಲೋರಿನ್ ಗ್ಯಾಸ್ ಏಳುತ್ತದೆ. ತಾಯಿಗೆ ಇದನ್ನು ಒಮ್ಮೆ ಮಾಡಿ ತೋರಿಸಿ.

ಮಕ್ಕಳ ಆಂಕಾಲಜಿ

ಪ್ರೊಬಯಾಟಿಕ್ ಬೇಡ. ಸೆಂಟ್ರಲ್ ಲೈನ್ ಇರುವವರಲ್ಲಿ ಸ್ಯಾಕರೊಮೈಸಿಸ್ ಎಂಬ ಯೀಸ್ಟ್ ಪ್ರೊಬಯಾಟಿಕ್ ಪುಡಿಯಿಂದ ರಕ್ತಕ್ಕೆ ಯೀಸ್ಟ್ ಸೇರಿದ್ದಿದೆ. ಪಕ್ಕದ ಮಂಚದ ಮಗುವಿಗೆಂದು ಪ್ಯಾಕೆಟ್ ಒಡೆದ ಕೈಯಿಂದಲೂ ಅದು ಬರಬಹುದು.

ಪ್ರತಿ ಭೇದಿಗೂ 100ರಿಂದ 200 ಮಿ.ಲೀ. ಓ.ಆರ್.ಎಸ್., ಸ್ವಲ್ಪ ಸ್ವಲ್ಪವಾಗಿ. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರಿಗೇ ಕಲಸಬೇಕು, ಅರ್ಧ ಲೋಟಕ್ಕಲ್ಲ. ಜ್ವರ ಬಂದರೆ, ಬಲಭಾಗದ ಕೆಳಹೊಟ್ಟೆ ನೋವು, ಹೊಟ್ಟೆ ಉಬ್ಬರ, ರಕ್ತಭೇದಿ ಕಂಡರೆ ಕೂಡಲೇ ಎ.ಎನ್.ಸಿ. ಮತ್ತು ಹೊಟ್ಟೆಯ ಸ್ಕ್ಯಾನ್ ಮಾಡಿಸಿ, ಬೆಂಗಳೂರಿನ ತಂಡಕ್ಕೆ ಫೋನ್ ಮಾಡಿ. ಬಿಳಿ ರಕ್ತಕಣ ಇಳಿದಾಗ ಕರುಳಿನ ಗೋಡೆಯೇ ಊದುವ ಟಿಫ್ಲೈಟಿಸ್ ಹೀಗೇ ಶುರುವಾಗುತ್ತದೆ, ಸ್ಟೀರಾಯ್ಡ್ ನಡೆಯುತ್ತಿದ್ದರೆ ನೋವೂ ಅಷ್ಟಾಗಿ ತೋರದು. ಗುದದ್ವಾರದಲ್ಲಿ ಥರ್ಮಾಮೀಟರ್, ಎನಿಮಾ ಯಾವುದೂ ಬೇಡ. ಟಾಕ್ಸಿನ್ ವರದಿ ಬಂದ ಕೂಡಲೇ ಇಲ್ಲಿ ಹಾಕಿ.