ತಾತನ ಟ್ರಂಕಿನ ಚಿತ್ರ: ಇದು ಯಾವ ಊರು?

ಪ್ರಶ್ನೆ: ನಮಸ್ಕಾರ ಸರ್. ತಾತನ ಟ್ರಂಕಿನಲ್ಲಿ ಒಂದು ಹಳೆಯ ಚಿತ್ರ ಸಿಕ್ಕಿದೆ. ಕಂದು ಶಾಯಿ, ಅಗಲ ಒಂದು ಮೊಳ ಇರಬಹುದು. ಮುಂದೆ ಬಂಡೆಗಳು ಎದ್ದಿರುವ ಹೊಳೆ, ಆಚೆ ದಡದಲ್ಲಿ ಉದ್ದಕ್ಕೂ ಕೋಟೆ ಗೋಡೆ. ಗೋಡೆಯ ಹಿಂದೆ ಎಡಕ್ಕೆ ಗುಡಿಯ ಗೋಪುರ, ಬಲಕ್ಕೆ ಜೋಡಿ ಮಿನಾರ್. ತೀರಾ ಹಿಂದೆ ಅಕ್ಕಪಕ್ಕ ಎರಡು ಕಲ್ಲುಗುಡ್ಡ. ಹೆಸರಿಲ್ಲ, ಇಸವಿಯಿಲ್ಲ. ಅಜ್ಜಿ ಬಿಜಾಪುರ ಅಂತಿದ್ದರು, ಮಿನಾರ್ ಇದೆಯಲ್ಲ ಅಂತ. ಫೋಟೋ ಹಾಕಿದ್ದೇನೆ, ಯಾವ ಊರು ಹೇಳ್ತೀರಾ?

ಉತ್ತರ: ಬಿಜಾಪುರದ ಕೋಟೆ ಪಕ್ಕ ಇಂಥ ಹೊಳೆ ಎಲ್ಲಿದೆ ಮೇಡಂ? ಅಲ್ಲಿ ಎತ್ತ ತಿರುಗಿದರೂ ಗುಮ್ಮಟ ಕಾಣುತ್ತದೆ, ನಿಮ್ಮದರಲ್ಲಿ ದೊಡ್ಡ ಗುಮ್ಮಟ ಒಂದೂ ಇಲ್ಲ. ಮಿನಾರ್ ಮೈಮೇಲೆ ಚುಕ್ಕಿ ಚುಕ್ಕಿ ಇದೆ ನೋಡಿ, ಕೊಳೆ ಅಂದುಕೊಂಡಿರಬೇಕು ನೀವು. ಅವು ಪಾರಿವಾಳದ ಗೂಡುಗಳು. ಇದು ಶ್ರೀರಂಗಪಟ್ಟಣ, ಮಿನಾರ್ ಜಾಮಿಯಾ ಮಸೀದಿಯದು.

ಎಲ್ಲಿ ನಿಂತು ಬರೆದದ್ದು ಅನ್ನುವುದಕ್ಕೆ ಎಡಬಲ ನೋಡಬೇಕು. ರಂಗನಾಥನ ಗುಡಿ ಕೋಟೆಯ ಪಶ್ಚಿಮಕ್ಕಿದೆ. ಟಿಪ್ಪು 1780ರ ದಶಕದಲ್ಲಿ ಕಟ್ಟಿಸಿದ ಮಸೀದಿ ಪೂರ್ವಕ್ಕೆ, ಬೆಂಗಳೂರು ಬಾಗಿಲ ಹತ್ತಿರ. ಗೋಪುರ ಎಡಕ್ಕೆ, ಮಸೀದಿ ಬಲಕ್ಕೆ ಬರಬೇಕಾದರೆ ಕಾವೇರಿಯ ದಕ್ಷಿಣ ದಡದಲ್ಲಿ, ಅಂದರೆ ಮೈಸೂರು ಕಡೆ ನಿಂತು ಉತ್ತರಕ್ಕೆ ನೋಡಬೇಕು. ಆ ಜೋಡಿ ಕಲ್ಲುಗುಡ್ಡ ಪಾಂಡವಪುರದ ಕುಂತಿಬೆಟ್ಟ, ಅದೂ ಉತ್ತರಕ್ಕೇ ಇದೆ. ಉತ್ತರ ದಡದಿಂದ ಬರೆದಿದ್ದರೆ ಹಿಂದೆ ಚಾಮುಂಡಿ ಬೆಟ್ಟ ಬರುತ್ತಿತ್ತು, ಅದು ಒಂದೇ ಉದ್ದನೆ ದಿಬ್ಬ.

ಇನ್ನೊಬ್ಬ ಸದಸ್ಯರು: ಸರ್, ಅಚ್ಚು ಹಾಕಿದ ಚಿತ್ರವಾದರೆ ಎಡಬಲ ತಿರುಗಿರಬಹುದು ಅಲ್ವಾ? ಅದರಲ್ಲಿ ಹೆಂಗಸಿನ ಸೆರಗು ಯಾವ ಹೆಗಲ ಮೇಲಿದೆ ನೋಡಿದರೆ ಗೊತ್ತಾಗಲ್ವಾ?

ಉತ್ತರ: ಒಳ್ಳೇ ಪ್ರಶ್ನೆ. ತಾಮ್ರದ ತಗಡಿನ ಮೇಲೆ ನೇರ ಕೊರೆದರೆ ಅಚ್ಚಿನಲ್ಲಿ ಉಲ್ಟಾ ಬರುತ್ತದೆ, ಕೆಲವರು ಸರಿ ಮಾಡಿಕೊಳ್ಳದೆ ಹಾಗೇ ಬಿಟ್ಟುಬಿಡುತ್ತಿದ್ದರು. ಆದರೆ ಸೆರಗು ನಂಬಬೇಡಿ, ಅದು ಊರಿಂದೂರಿಗೆ ಬೇರೆ. ಮುಂದೆ ನಿಂತ ಸಿಪಾಯಿಯ ಕತ್ತಿ ನೋಡಿ, ಅವನ ಎಡ ಸೊಂಟದಲ್ಲೇ ಇದೆ. ಉಲ್ಟಾ ಆಗಿಲ್ಲ. ಮೇಡಂ, ಅಂಚಿನ ಒಳಗೆ ಸುತ್ತಲೂ ತಗ್ಗಿದ ಗೆರೆ ಇದೆಯಾ, ಬೆರಳಾಡಿಸಿ ನೋಡಿ. ಇದ್ದರೆ ಅಚ್ಚು. ಆಮೇಲೆ ಕಾಗದವನ್ನು ಕಿಟಕಿ ಬೆಳಕಿಗೆ ಹಿಡಿಯಿರಿ.

ಪ್ರಶ್ನೆ ಕೇಳಿದವರು: ಗೆರೆ ಇಲ್ಲ ಸರ್. ಭೂತಗನ್ನಡಿಯಲ್ಲಿ ಶಾಯಿಯ ಕೆಳಗೆ ಪೆನ್ಸಿಲ್ ಗೀಟು ಕಾಣುತ್ತದೆ. ಬೆಳಕಿಗೆ ಹಿಡಿದರೆ ಕಾಗದದೊಳಗೆ ವಾಟ್‌ಮನ್ ಅಂತ ಇಂಗ್ಲಿಷ್ ಅಕ್ಷರ, ಕೆಳಗೆ 1816. ಹಾಗಾದರೆ 1816ರಲ್ಲಿ ಬರೆದದ್ದಾ?

ಉತ್ತರ: ಅಲ್ಲ, 1816ಕ್ಕಿಂತ ಹಿಂದಿನದಲ್ಲ ಅಷ್ಟೇ. ವಾಟ್‌ಮನ್ ಅನ್ನುವುದು ಇಂಗ್ಲೆಂಡಿನ ಕಾಗದ ತಯಾರಕರ ಹೆಸರು, ಇಸವಿಯೂ ಕಾಗದದ್ದೇ. 1794ರ ಒಂದು ಕಾನೂನಿನ ನಂತರ ಇಂಗ್ಲೆಂಡಿನ ಕಾಗದದಲ್ಲಿ ಇಸವಿ ಹಾಕುವುದು ಜಾಸ್ತಿಯಾಯಿತು. ಕಾಗದ ಹಡಗಿನಲ್ಲಿ ಬಂದು ಬೀರುವಿನಲ್ಲಿ ಎಷ್ಟು ವರ್ಷ ಕೂತಿತ್ತೋ ಯಾರಿಗೆ ಗೊತ್ತು. ಟಿಪ್ಪು ಸತ್ತದ್ದು 1799ರಲ್ಲಿ, ಹಾಗಾಗಿ ಇದು ಯುದ್ಧದ ಹೊತ್ತಿನಲ್ಲಿ ಕೂತು ಬರೆದದ್ದಲ್ಲ. ಕಾವೇರಿಗೆ 1804ರಲ್ಲಿ ಕಟ್ಟಿ ಮುಗಿಸಿದ ವೆಲ್ಲೆಸ್ಲಿ ಸೇತುವೆ ಕಾಣಲ್ಲ, ಆದ್ದರಿಂದ 1804ಕ್ಕಿಂತ ಹಳೆಯದು ಅಂತ ಯಾರಾದರೂ ವಾದಿಸಿದರೆ ಒಪ್ಪಬೇಡಿ. ಆ ಜಾಗ ಚೌಕಟ್ಟಿನೊಳಗೇ ಬಂದಿರಲಿಕ್ಕಿಲ್ಲ. ಇನ್ನೊಂದು ಅನುಮಾನವೂ ಇದೆ. ಟಿಪ್ಪು ಮೇಲೆ ದಂಡೆತ್ತಿ ಬಂದ ಇಂಗ್ಲಿಷರ ಕಾರ್ನ್‌ವಾಲಿಸ್ ಸೈನ್ಯದ ಜೊತೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಬರೆದ ಮೈಸೂರು ಸೀಮೆಯ ಚಿತ್ರಗಳು 1794ರಲ್ಲೇ ಅಚ್ಚಾಗಿದ್ದವು. ಅಂಥದ್ದನ್ನು ಎದುರಿಗಿಟ್ಟು ನಕಲು ಮಾಡುವವರು ಬೇಕಾದಷ್ಟು ಜನ ಇದ್ದರು.

ಸ್ಥಳಕ್ಕೆ ಹೋಗಿ ಬರೆದದ್ದಾ, ನಕಲಾ ಅಂತ ಸುಳಿವು ಬೇಕಾದರೆ ಒಂದು ಭಾನುವಾರ ದಕ್ಷಿಣ ದಡಕ್ಕೆ ಹೋಗಿ. ಫೋಟೋ ಕೈಯಲ್ಲಿ ಹಿಡಿದು ದಡದುದ್ದಕ್ಕೂ ನಡೆಯಿರಿ. ನಡೆದ ಹಾಗೆ ಗೋಪುರ ಹಿಂದಿನ ಗುಡ್ಡದ ಮುಂದೆ ಸರಿಯುತ್ತಾ ಹೋಗುತ್ತದೆ. ಚಿತ್ರದಲ್ಲಿ ಗೋಪುರ ಎಡಗುಡ್ಡದ ತುದಿಗೆ ಸರಿಯಾಗಿ ಬಂದಿದೆ, ಅದೇ ಹೊಂದಿಕೆ ಎಲ್ಲಿ ಸಿಗುತ್ತದೋ ಅಲ್ಲಿ ನಿಂತು, ಮಿನಾರ್ ಕೂಡ ಚಿತ್ರದಷ್ಟೇ ದೂರದಲ್ಲಿದೆಯಾ ನೋಡಿ. ಎಲ್ಲಾ ಕೂಡಿ ಬಂದರೆ ಬರೆದವನು ಅಲ್ಲೇ ಕೂತಿದ್ದ ಅಂತ ನಾನು ಹೇಳುತ್ತೇನೆ. ಈಗ ಮರಗಳು ಅಡ್ಡ ಬರಬಹುದು, ಎಲೆ ಉದುರುವ ಕಾಲದಲ್ಲಿ ಹೋದರೆ ಒಳ್ಳೆಯದು. ಮೂಲ ಚಿತ್ರ ಮನೆಯಲ್ಲೇ ಇರಲಿ, ಮತ್ತೆ ಲ್ಯಾಮಿನೇಶನ್ ಮಾತ್ರ ಖಂಡಿತ ಮಾಡಿಸಬೇಡಿ.